ಮಾಲಕರ ವಿಳಾಸ

ರಾತ್ರಿ ಹತ್ತಕ್ಕೆ, ಅಕ್ಕಲಕೋಟದ ಕೊನೆಯ ಗಾಡಿ ಬಿಟ್ಟ ಮೇಲೆ,
ಸೊಲ್ಲಾಪುರ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಸೈಕಲ್ಲು ಆನಿಸುತ್ತೇನೆ.
ಹ್ಯಾಂಡಲಿಗೆ ಥರ್ಮಾಸು. ಅದರಲ್ಲಿ ಚಹಾ ಇಲ್ಲ,
ಬರಫಿನ ನಡುವೆ ಹುಚ್ಚುನಾಯಿ ರೋಗದ ಎಂಟು ಲಸಿಕೆ.
ಗೊತ್ತಿಲ್ಲದವರು ಮಗ್ಗು ಹಿಡಿದು ಬರುತ್ತಾರೆ.
ಗೊತ್ತಿದ್ದವರು ನಾಯಿ ಹಿಡಿದು.

ಹಗಲು ನಾನು ದನದ ದವಾಖಾನೆಯ ಡ್ರೆಸ್ಸರು.
ಇಪ್ಪತ್ತಾರು ವರ್ಷ ಎಮ್ಮೆಗಳ ಕೂಡ ಮಾತಾಡಿ ಮಾತಾಡಿ
ಮನುಷ್ಯರ ಎದುರು ನಾಲಿಗೆ ಏಳುವುದಿಲ್ಲ.
ರಜಿಸ್ಟರು ಇದೆಯಲ್ಲ, ಅದು ಕೇಳುತ್ತದೆ ನನ್ನ ಬದಲು:
ಪ್ರಾಣಿಯ ಹೆಸರು, ಬಣ್ಣ, ವಯಸ್ಸು,
ಮಾಲಕರ ವಿಳಾಸ.

ಮಹಾನಂದಾ ಪಿನ್ನಿನ ಹಾಳೆ ಮಡಚುತ್ತ ಅಂದಳು:
"ಬರಕೋರಿ. ಹನ್ನೊಂದನೇ ಫಲಾಟ,
ತುಳಜಾಪುರದ ಬೋರ್ಡಿನ ಕೆಳಗ.
ಮಳಿ ಬಂದ್ರ ಹನ್ನೆರಡು."
ಬರೆದೆ. ಕಾಲಮ್ಮು ಸಣ್ಣದು,
ಮಳೆ ಹಿಡಿಸಲಿಲ್ಲ.

ನಾಯಿಯ ಹೆಸರು ಡಾಂಬರು.
ಹೊಟಗಿ ರಸ್ತೆಯ ಕೆಲಸದಲ್ಲಿ, ಮರಿ ಇದ್ದಾಗ,
ಆರಿದ ಡ್ರಮ್ಮಿಗೆ ಬಿದ್ದಿತ್ತಂತೆ.
ಅರ್ಧ ಲೀಟರು ಶೇಂಗಾ ಎಣ್ಣೆ, ಒಂದು ಹಳೇ ಪರಕಾರ, ಎರಡು ರಾತ್ರಿ,
ತಿಕ್ಕಿ ತಿಕ್ಕಿ ಬಿಡಿಸಿದರೆ ಒಳಗಿಂದ ಬಂದದ್ದು ಬಿಳಿ ನಾಯಿ.
ಹೆಸರು ಮಾತ್ರ ಎಣ್ಣೆಗೂ ಬಿಡಲಿಲ್ಲ.

ಆಕೆ ಪಿನ್ನು ಮಾರುವುದು ಮರಾಠಿಯಲ್ಲಿ,
ಪೋಲೀಸರನ್ನು ಬೈಯುವುದು, ಅವರು ಹೋದ ಮೇಲೆ, ತೆಲುಗಿನಲ್ಲಿ,
ನಾಯಿಯನ್ನು ಕರೆಯುವುದು ಕನ್ನಡದಲ್ಲಿ.

"ತನಗ ತಿನ್ನಾಕಿಲ್ಲ, ನಾಯಿ ಬ್ಯಾರೆ"
ಅನ್ನುತ್ತಾರೆ ಟಿಕೀಟು ಹಿಡಿದವರು.
ನಾನೂ ಅಂದಿದ್ದೆ, ಮನಸ್ಸಿನಲ್ಲಿ, ಮೊದಲ ಬುಧವಾರ.
ಕಡಕ್ ರೊಟ್ಟಿಯನ್ನು ನೀರಲ್ಲಿ ನೆನೆಸುತ್ತಿದ್ದಳು.
ಯಾರ ಹಲ್ಲಿಗಾಗಿ, ಎಂದು ಕೇಳಿದೆ.
"ಅದರದೂ ನಂದೂ ಕೂಡಿಸಿದ್ರ ಒಂದು ಬಾಯಿ ಆಗ್ತದ್ರಿ."
ಸೂಜಿ ಚುಚ್ಚಿದಾಗ ನಾಯಿ ಕಣ್ಣು ಪಿಳುಕಿಸಲಿಲ್ಲ,
ಆ ಅರ್ಧ ಬಾಯಿ ಮಾತ್ರ "ಹಾ" ಅಂದಿತು.

ಡಿಸೆಂಬರಿನಲ್ಲಿ ಕಾರ್ಪೊರೇಶನ್ನಿನ ವ್ಯಾನು ಬಂತು.
ರಾತ್ರಿ ನಿವಾರಾ, ಮಂಚ, ಕಂಬಳಿ, ಬಿಸಿನೀರು.
ಬಾಗಿಲ ಮೇಲಿನ ಬೋರ್ಡನ್ನು ನಾನೇ ಓದಿ ಹೇಳಬೇಕಾಯಿತು:
ಪ್ರಾಣಿಗಳಿಗೆ ಪ್ರವೇಶವಿಲ್ಲ.
ಕಂಬಳಿ ಮುಟ್ಟಿ ನೋಡಿ, ಚಲೋ ಐತಿ ಎಂದು,
ವಾಪಸು ಕೊಟ್ಟು ನಡೆದಳು.

ನನ್ನ ಮನೆಯಲ್ಲಿ ಕಟ್ಟುತ್ತೇನೆ, ಎಂದೆ,
ಚಳಿಗಾಲ ಮುಗಿಯುವ ತನಕ. ಅಂಗಳವಿದೆ, ಗೋಣಿ ಹಾಸುತ್ತೇನೆ.
ಹಿಂದಿನ ರಾತ್ರಿ ನಿದ್ದೆಗೆಟ್ಟು ಜೋಡಿಸಿದ ಮಾತು ಅದು.
ಆಕೆ ಬಹಳ ಹೊತ್ತು ನಾಯಿಯ ಕಿವಿ ತಿರುವಿದಳು.
"ಅದಕ್ಕ ಮನಿ ಸಿಕ್ತು, ನನಗ ಮನಿ ಸಿಕ್ತು.
ಇಬ್ಬರೂ ಮನಿ ಬಿಟ್ಟಂಗ ಆತಲ್ರಿ."

ಮ್ಯಾನೇಜರ್ ಯೆಮೂಲರ ಮೇಜಿನ ಮೇಲೆ
ಡಾಂಬರಿನ ಲಸಿಕೆಯ ಚೀಟಿ ಇಟ್ಟು ನಿಂತೆ.
ಮೂರು ಸಂಜೆ ಹಾಗೇ ನಿಂತೆ.
ನಾಲ್ಕನೆಯ ಸಂಜೆ, ತಲೆ ಎತ್ತದೆ, ಅವರೆಂದರು:
ಸೈಕಲ್ ಸ್ಟ್ಯಾಂಡು ಒಳಗೂ ಅಲ್ಲ, ಹೊರಗೂ ಅಲ್ಲ,
ಅದಕ್ಕೆ ರೂಲು ಬರೆದಿಲ್ಲ ಇನ್ನೂ.

ಹೀಗೆ, ಹದಿನೇಳನೆಯ ಮಂಚದ ಮೇಲೆ
ಮಹಾನಂದಾಳ ಪಿನ್ನಿನ ಚೀಲ ಕಂಬಳಿ ಹೊದ್ದು ಮಲಗುತ್ತದೆ.
ಮಹಾನಂದಾ ಸೈಕಲ್ಲುಗಳ ನಡುವೆ,
ಬೆನ್ನಿಗೆ ಬೆನ್ನು ಹಚ್ಚಿದ ಬಿಳಿ ಡಾಂಬರಿನ ಜೊತೆ.
ಕಂಬಳಿ ಎರಡನೆಯದು ಕೇಳಿದ್ದೇವೆ. ಅರ್ಜಿ ಹೋಗಿದೆ.
ರಜಿಸ್ಟರಿನಲ್ಲಿ ಹಳೆಯದನ್ನು ಹೊಡೆದುಹಾಕಿ
ಹೊಸದು ಬರೆಯಲು ಹೋದೆ. ಪೆನ್ನು ನಿಂತಿತು.
ಖಾಲಿ ಬಿಟ್ಟಿದ್ದೇನೆ.
ಸಾಹೇಬರು ಕೇಳಿದರೆ ಮಸಿ ಮುಗಿದಿತ್ತು ಎನ್ನಬಹುದು.

ಇವತ್ತು ಎಂಟರಲ್ಲಿ ಏಳು ಖರ್ಚಾದವು.
ಬರಫು ನೀರಾಗುತ್ತಿದೆ, ಥರ್ಮಾಸಿನ ಮುಚ್ಚಳ ತಿರುವಿ
ಹೊರಡುವಷ್ಟರಲ್ಲಿ ಕತ್ತಲಿಂದ ಒಬ್ಬ ಹುಡುಗ
ಮಗ್ಗು ಹಿಡಿದು ಬಂದ.
ಚಹಾ ಇಲ್ಲಪ್ಪ, ಎಂದೆ.
ಅವನು ಮಗ್ಗನ್ನು ಬೆಳಕಿಗೆ ವಾಲಿಸಿದ.
ಒಳಗೆ, ಇನ್ನೂ ಕಣ್ಣು ಬಿಡದ
ಒಂದು ಬೆಕ್ಕಿನ ಮರಿ.