ಆರು ನಿಮಿಷದ ಕೈಗಡ

ಬೋಲರ್ ಅವರೇ, ನಿಮ್ಮ ಕಾಗದ ತಲುಪಿತು.
ಲಕೋಟೆಯ ಮೂಲೆಯಲ್ಲಿ ಹಿಟ್ಟಿನ ಬೆರಳಚ್ಚು ಇನ್ನೂ ಇದೆ.
ಭಟ್ಟಿಯ ಗಡಿಯಾರ ಆರು ನಿಮಿಷ ಹಿಂದೆ ಬಿದ್ದದ್ದು,
ಬನ್ನು ಬೇಯುವ ಮೊದಲೇ ನಾಲ್ಕೂವರೆಯ ಬಸ್ಸಿನ ಡ್ರೈವರ್
ಗೊಣಗುತ್ತ ಬರಿಗೈಲಿ ಹೊರಟದ್ದು,
ಎಲ್ಲ ನಿಜ.
ಗಡಿಯಾರವನ್ನು ಬೈಯಬೇಡಿ. ಅದು ಎಣಿಸುವುದು
ಹೊತ್ತನ್ನಲ್ಲ, ನಾವು ತಂತಿಯಲ್ಲಿ ಕಳಿಸುವ ಅಲೆಯನ್ನು.
ಐವತ್ತು ಅಲೆ ಬಂದರೆ ಒಂದು ಸೆಕೆಂಡು ಎಂದು ನಂಬಿಕೊಂಡಿದೆ.
ಪಾಪ, ಅದಕ್ಕೆ ಕಿಟಕಿಯಿಲ್ಲ.

ನಾನು ಕೂತಿರುವುದು ನಿಮ್ಮ ಎದುರು ದಡದಲ್ಲೇ,
ಲೌಫೆನ್‌ಬುರ್ಗ್ ಸೇತುವೆ ದಾಟಿ, ಏರು ಹತ್ತಿ. ರಾತ್ರಿ ಪಾಳಿ.
ಗೋಡೆಯ ತುಂಬ ಗೆರೆಗಳು, ನಡುವೆ ಒಂದೇ ಅಂಕಿ,
ಐವತ್ತಕ್ಕೆ ಒಂದು ಕೂದಲು ಕಡಿಮೆ.

ಯಾರೋ, ಬಲು ದೂರ, ಕೊಡಬೇಕಾದ್ದನ್ನು ಕೊಡಲಿಲ್ಲ.
ಇನ್ಯಾರಾದರೂ ಕೊಟ್ಟಾರು ಎಂದು ಉಳಿದವರು ಕಾದರು.
ಅಡುಗೆಮನೆಗಳು ಕಾಯಲಿಲ್ಲ.
ಕೇಳಿದಷ್ಟನ್ನೂ ಯಂತ್ರಗಳು ತಮ್ಮ ಓಟದಿಂದಲೇ ಕಿತ್ತು ಕೊಟ್ಟವು.
ಪೋರ್ಚುಗಲ್ಲಿನ ಅಣೆಕಟ್ಟು, ಪೋಲೆಂಡಿನ ಕಲ್ಲಿದ್ದಲ ಘಟಕ,
ನಿಮ್ಮ ಹಿತ್ತಿಲಾಚೆ ರೈನ್ ನದಿ ತಿರುಗಿಸುವ ಚಕ್ರ,
ಒಂದೇ ನೊಗಕ್ಕೆ ಕೊರಳು ಕೊಟ್ಟವು,
ಒಟ್ಟಿಗೇ ಹೆಜ್ಜೆ ತಗ್ಗಿಸಿದವು.
ಒಂದು ಕುಂಟಿದರೆ ಎಲ್ಲವೂ ಕುಂಟಬೇಕು. ಅವುಗಳ ನಂಟೇ ಹಾಗೆ.

ದೀಪ ಮಿಣುಕಲಿಲ್ಲ. ಯಾರ ಸೂಪೂ ತಣ್ಣಗಾಗಲಿಲ್ಲ.
ದಿನಕ್ಕೆ ಏಳೆಂಟು ಸೆಕೆಂಡು,
ಇಲಿ ಕದ್ದ ಕಾಳಿನ ಲೆಕ್ಕ.
ಒಂದೂವರೆ ತಿಂಗಳಿಗೆ ಚೀಲದಲ್ಲಿ ತೂತು ಕಂಡಿತು.

ಹಾಗಾದರೆ ತಿರುಗಿ ಕೊಡಿ, ಎಂದಿದ್ದೀರಿ, ಅಡಿಗೆರೆ ಎಳೆದು.
ಕೊಡುತ್ತಿದ್ದೇವೆ, ಒಮ್ಮೆಗೇ ಅಲ್ಲ.
ನೂರಾರು ಟನ್ ಉಕ್ಕನ್ನು ಕಿವಿ ಹಿಂಡಿ ಓಡಿಸಲಾಗದು.
ನಿನ್ನೆಯಿಂದ ಗುರಿ ಐವತ್ತರ ಮೇಲೆ ನೂರರಲ್ಲೊಂದು ಪಾಲು,
ದಿನಕ್ಕೆ ಹದಿನೇಳು ಸೆಕೆಂಡು ಮರಳುತ್ತದೆ.
ಹನಿಗೂಡಿದರೆ ಹಳ್ಳ. ಇಪ್ಪತ್ತೊಂದು ದಿನ ತಾಳಿ.
ಅಲ್ಲಿಯ ತನಕ, ದಯವಿಟ್ಟು, ಮುಳ್ಳು ಮುಟ್ಟಬೇಡಿ.

ಇಷ್ಟು ಬರೆದು ಸಹಿ ಹಾಕುವಾಗ
ನಿಮ್ಮ ಕಾಗದದ ಹಿಂಬದಿ ಕಂಡಿತು:
'ಮುಳ್ಳನ್ನು ನಾನೇ ಸರಿಮಾಡಿಕೊಂಡಿದ್ದೇನೆ.
ನಿಮ್ಮನ್ನು ನಂಬಿದವರು ಕೆಟ್ಟರು.'

ಅಯ್ಯೋ.
ಮತ್ತೆ ಪೆನ್ನು ತೆರೆದೆ. ಆಗಲೇ ಅಂಕಿ ನಡುಗಿತು.
ಎಲ್ಲೋ ಒಂದು ಘಟಕ ಕಳಚಿಕೊಂಡಿತು,
ಗೆರೆ ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಇಳಿಯಿತು.
ನಾನು ಮುಟ್ಟುವಂಥದ್ದೇನೂ ಅಲ್ಲಿಲ್ಲ, ಮೊದಲ ಅರೆ ನಿಮಿಷ
ಮನುಷ್ಯರಿಗೆ ಸೇರಿದ್ದಲ್ಲ.
ಆಲ್ಪ್ಸ್ ಬೆಟ್ಟದ ಹೊಟ್ಟೆಯೊಳಗೆ ನೀರಿನ ಬಾಗಿಲು ತೆರೆದವು,
ಉಗಿಯ ಕವಾಟಗಳು ಯಾರನ್ನೂ ಕೇಳದೆ ಅಗಲವಾದವು.
ಗೆರೆ ನಿಂತಿತು. ಆಮೇಲೆ, ಒಲ್ಲದ ಮನಸ್ಸಿನಿಂದ, ಏರಿತು.
ಫೋನ್ ಗುಂಯ್ಗುಟ್ಟಲಿಲ್ಲ.
ಎದುರು ದಡದಲ್ಲಿ ನಿಮ್ಮ ಅಂಗಡಿಯ ಹಳದಿ ಬೆಳಕು
ಇದ್ದ ಹಾಗೇ ಇತ್ತು. ನೀವು ಹಿಟ್ಟು ನಾದುತ್ತಿದ್ದಿರಬೇಕು.

ಬೋಲರ್ ಅವರೇ, ಇದೊಂದನ್ನು ಕಾಗದದಲ್ಲಿ ಬರೆಯುತ್ತಿಲ್ಲ:
ನಾವು ಕೊಟ್ಟು ತೀರಿಸುವ ದಿನ
ನಿಮ್ಮ ಭಟ್ಟಿ ಲೋಕಕ್ಕಿಂತ ಆರು ನಿಮಿಷ ಮುಂದಿರುತ್ತದೆ.
ಬಸ್ಸು ಇನ್ನೂ ಡಿಪೋದಲ್ಲಿ ಕೆಮ್ಮುತ್ತಿರುತ್ತದೆ,
ಬನ್ನು ಆಗಲೇ ತಟ್ಟೆಯಲ್ಲಿ ಹೊಗೆಯಾಡುತ್ತಿರುತ್ತದೆ,
ಕೊಳ್ಳುವವರಿಲ್ಲದೆ ನೀವು ಬಾಗಿಲಲ್ಲಿ ನಿಂತು
ಬೀದಿಯನ್ನೇ ಬೈಯುತ್ತಿರುತ್ತೀರಿ.

ಆ ಬೆಳಗಿನ ಜಾವ ಯಾರಿಗಾದರೂ ಪಾಳಿ ಒಪ್ಪಿಸಿ ಬರುತ್ತೇನೆ.
ನಸುಗಪ್ಪು ಕೋಟು, ನಿದ್ದೆಗಣ್ಣು. ನನ್ನ ಗುರುತು ನಿಮಗಿಲ್ಲ.
ಎರಡು ಬನ್ನು ಕಟ್ಟಿಕೊಡಿ.
ದುಡ್ಡು ಅಲ್ಲೇ ಎಣಿಸುತ್ತೇನೆ.

— ರೆಗುಲಾ ಬ್ರೊಗ್ಲಿ, ರಾತ್ರಿ ಪಾಳಿ