ಎರಡನೇ ಬದಿಯ ಕೆಮ್ಮು

ಮುಳ್ಳು ಇಡುವ ಮೊದಲು ಒರೆಸಯ್ಯ,
ಪಂಚೆಯಲ್ಲಲ್ಲ, ಹತ್ತಿಯಲ್ಲಿ.
ಹೂಂ. ಹಾಡಿಗೂ ಮುಂಚೆ ಗುಂಯ್ ಅನ್ನುತ್ತಲ್ಲ,
ಅದು ನಾನು.
ಅಂದರೆ ನಾನು ಸುತ್ತಿದ ಟ್ರಾನ್ಸ್‌ಫಾರ್ಮರು,
ಮಂಡಿಮೊಹಲ್ಲಾದ ರೇಡಿಯೋ ಅಂಗಡಿಯ ಹಿಂದೆ
ಮೂರು ಸತ್ತ ಸೆಟ್ಟುಗಳ ವಾಲ್ವು ಕಿತ್ತು
ತಗಡಿನ ಟ್ರಂಕಿನಲ್ಲಿ ಕೂರಿಸಿದ ಆಂಪ್ಲಿಫೈಯರು.
ಎಪ್ಪತ್ತೊಂದನೇ ಇಸವಿ. ಕೂದಲು ಬಿಟ್ಟವರನ್ನೆಲ್ಲ
ಸಯ್ಯಾಜಿರಾವ್ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ
ಅಪ್ಪನ ಹೆಸರು ಕೇಳುತ್ತಿದ್ದ ಕಾಲ.

ಮೈಸೂರಲ್ಲಿ ಯಾರೂ ಜಾಗ ಕೊಡಲಿಲ್ಲ.
ಮಂಡ್ಯದಲ್ಲಿ ಯಾರದೋ ಮಾವನ ಬೆಲ್ಲದ ಗೋದಾಮು ಖಾಲಿ ಇತ್ತು.
ಪ್ಯಾಸೆಂಜರ್ ರೈಲಿನಲ್ಲಿ ಡ್ರಮ್ಮಿಗೂ ಟಿಕೆಟ್ ಕೇಳಿದ ಟಿ.ಸಿ.
ವರ್ಷಗಟ್ಟಲೆ ಬೆಲ್ಲ ಮೆತ್ತಿದ ಗೋಡೆ,
ಸದ್ದು ಹಿಂದಿರುಗುತ್ತಲೇ ಇರಲಿಲ್ಲ,
ನೊಣದ ಹಾಗೆ ಅಲ್ಲೇ ಅಂಟಿಕೊಳ್ಳುತ್ತಿತ್ತು.
ಇದಕ್ಕಿಂತ ಸ್ಟುಡಿಯೋ ಬೇಕಾ, ಅಂದ ಬೇಸಿಲ್ ನೊರೊನ್ಹ,
ರೈಲ್ವೆ ವರ್ಕ್‌ಶಾಪಿನ ಫಿಟ್ಟರು, ಗಿಟಾರು ಅವನದು.
ಮದುವೆ ಬ್ಯಾಂಡಿನ ಅತಾವುಲ್ಲ ಡ್ರಮ್ಮು ಬಿಗಿದ.
ಮೇಲುಕೋಟೆಯ ತಿರುನಾರಾಯಣ,
ದೇವಸ್ಥಾನದ ಗೋಷ್ಠಿಯಲ್ಲಿ ಪಳಗಿದ ಗಂಟಲು,
ಅಂಗಿ ಬಿಚ್ಚಿ, ಜನಿವಾರ ಮೊಳೆಗೆ ನೇತುಹಾಕಿ
ಅರಚಿದ.

ಏನು ಅರಚಿದನೋ ಇವತ್ತಿಗೂ ಗೊತ್ತಿಲ್ಲ.
ಇಂಗ್ಲಿಷು ಅಂದುಕೊಂಡಿದ್ದೆ ನಾನು.
ಬೇಸಿಲ್ಲೂ ಕನ್ನಡ ಅಂದುಕೊಂಡಿದ್ದನಂತೆ.

ನಡುರಾತ್ರಿ ಬಿಸಿಗೆ ಇರುವೆ ಬಂದವು,
ಸಾಲುಗಟ್ಟಿ, ಟ್ರಂಕಿನೊಳಕ್ಕೆ, ವಾಲ್ವಿನ ಕೆಂಪಿಗೆ.
ಚಿಟ್. ಚಿಟ್.
ಕೇಳು, ಇದು ಧೂಳಲ್ಲ.
ಎಷ್ಟು ಒರೆಸಿದರೂ ಹೋಗಲ್ಲ. ಅವು ಇರುವೆ.

ಈಗ ಮಗುಚಿ ಹಾಕು. ಮೂರನೇ ಹಾಡು.
ಕರೆಂಟು ಹೋಯಿತು ನೋಡು ಇಲ್ಲಿ,
ಹಗ್ಗ ಕಡಿದ ಕೊಡದ ಹಾಗೆ ಗಿಟಾರು ಮುಳುಗಿತು.
ಅತಾವುಲ್ಲ ಮಾತ್ರ ನಿಲ್ಲಿಸಲಿಲ್ಲ ಕತ್ತಲಲ್ಲಿ.
ರೆಕಾರ್ಡರು ಬ್ಯಾಟರಿಯದು, ತಿರುಗುತ್ತಲೇ ಇತ್ತು.
ಆಗ... ಕೇಳಿಸಿತಾ?
ಒಂದು ಕೆಮ್ಮು.

ನಾನೇ. ಇಪ್ಪತ್ತೆರಡು ವರ್ಷದವನು.
ತಪ್ಪಾಯಿತು, ಅಳಿಸಿ ಅಂದೆ.
ಬಿಡೋ, ಇನ್ನೊಂದು ಟೇಪಿಗೆ ಕಾಸಿಲ್ಲ ಅಂದರು.

ಮುನ್ನೂರು ತಟ್ಟೆ ಒತ್ತಿಸಿದರು, ನಲವತ್ತು ಮಾರಿದವು.
ಉಳಿದದ್ದು ಅತಾವುಲ್ಲನ ಹೆಂಚಿನ ಕೆಳಗೆ
ಒಂದೇ ಬೇಸಿಗೆಗೆ ಹಪ್ಪಳದಂತೆ ಸೊಟ್ಟಗಾಯಿತು.
ಎರಡನೇ ತಟ್ಟೆ ಬರಲೇ ಇಲ್ಲ.
ಹೊದಿಕೆಯ ಹಿಂದೆ ಎಲ್ಲರ ಹೆಸರಿದೆ,
ಗೋದಾಮಿನ ಮಾವನದೂ.
ಹುಡುಕಬೇಡ, ನನ್ನದಿಲ್ಲ.

ಮೊನ್ನೆ ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಬೆನ್ನಿಗೆ ತಣ್ಣನೆ ಬಿಲ್ಲೆ ಒತ್ತಿ ಕೆಮ್ಮಿ ಅಂದಳು.
ಕೆಮ್ಮಿದೆ.
ಎಷ್ಟು ದಿನದಿಂದ ಅಂದಳು.

ಮುಳ್ಳು ಎತ್ತಬೇಡ, ಇರು.
ಬೆಳಗಿನ ಆರು. ಸಕ್ಕರೆ ಕಾರ್ಖಾನೆಯ ಸೈರನ್ನು.
ಬೇಸಿಲ್ ತಂತಿ ಎಳೆದೆಳೆದು ಅದೇ ಸ್ವರಕ್ಕೆ ಹತ್ತುತ್ತಾನೆ,
ಇನ್ನೂ ಒಂದು ಕೂದಲೆಳೆಯಷ್ಟು,
ಸಿಕ್ಕಿತು ಅನ್ನುವಷ್ಟರಲ್ಲಿ ಸೈರನ್ನು ನಿಂತಿತು.
ಯಾರೋ ನಗುತ್ತಾರೆ.
ಆಮೇಲೆ ಗುಂಯ್.