ಸೀಮೆಸುಣ್ಣದ ಹೆಸರು

ದಾವಣಗೆರೆಯ ಹೊಂಡದ ಸರ್ಕಲ್ಲಿನ ಹತ್ತಿರ
ಹಿಟ್ಟಿನ ಗಿರಣಿಗೆ ಅಂಟಿಕೊಂಡು ನನ್ನ ಅಂಗಡಿ.
ಹಿಂದೆ ಟೈಪಿಂಗ್ ಕಲಿಸುತ್ತಿದ್ದೆ;
ಈಗ ಪಹಣಿ, ಪಾನ್ ಕಾರ್ಡು, ಬಣ್ಣದ ಜೆರಾಕ್ಸು.
ಗಿರಣಿಯ ಬೆಲ್ಟು ಓಡಿದಾಗೆಲ್ಲ ಕೀಬೋರ್ಡಿನ ಮೇಲೆ
ಜೋಳದ ಧೂಳು ತೆಳ್ಳಗೆ ಕೂರುತ್ತದೆ.

ಮೂರರ ಬಿಸಿಲಲ್ಲಿ ಕರಿಬಸಮ್ಮ ಬಂದಳು,
ಮಂಡಕ್ಕಿ ಭಟ್ಟಿಯಿಂದ ನೇರ, ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
ಸೆರಗಿನೊಳಗಿಂದ ಫೋನು ತೆಗೆದಳು.
"ಸಾರ್, ಇದು ನನ್ನ ಗುರ್ತು ಹಿಡೀವಲ್ದು ನೋಡ್ರಿ."

ನೋಡಿದೆ.
ಮುಕ್ತ ವಿಶ್ವವಿದ್ಯಾಲಯ, ಬಿ.ಎ. ಎರಡನೇ ವರ್ಷ, ಹಾಲ್ ಟಿಕೆಟ್ಟು.
ಹೆಸರು ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಅದನ್ನೂ ಒತ್ತಿದರೆ
ಚಕ್ರವೊಂದು ತಿರುಗಿ ಮತ್ತೆ ಮೊದಲ ಪುಟ:
ನಮಸ್ಕಾರ, ದಯವಿಟ್ಟು ನಿಮ್ಮ ಹೆಸರು?
ಬೆಳಗಿನಿಂದ ಆರು ಸಲ ಹೇಳಿದ್ದಾಳಂತೆ.
ಆರು ಸಲವೂ ಅದು ನಯವಾಗಿ ಮರೆತಿದೆ.

ಪುಟದ ಬಣ್ಣ ಕಪ್ಪು. ಮೂಲೆಯಲ್ಲಿ
ಟೋಪಿ, ಕನ್ನಡಕ, ಮುಖವಿಲ್ಲದ ಒಬ್ಬ.
"ಇದರಲ್ಲೇ ಯಾಕೆ ತೆಗೀತಿಯಮ್ಮ?" ಅಂದೆ.
ಗಿರಣಿ ಸರಿಯಾಗಿ ಆಗಲೇ ನಿಂತಿತು.
ದನಿ ತಗ್ಗಿಸಿದಳು:
"ಫೋನು ಮನೆಮಂದಿಗೆಲ್ಲ ಒಂದೇ ರೀ.
ರಾತ್ರಿ ಉಂಡಮೇಲೆ ಮೈದುನ ಕುಂತು ನೋಡ್ತಾನೆ,
ನಾನು ಏನೇನು ನೋಡೀನಿ ಅಂತ.
ಅದಕ್ಕೇ ಎಲ್ಲಾ ಬಾಗಿಲು ಹಾಕೀನಿ."

ಹಾಕಿದ್ದಾಳೆ, ನಿಜಕ್ಕೂ, ಒಂದೂ ಬಿಡದೆ.
ಜಾಗ ಹೇಳಬೇಡ, ಜಾಡು ಹಿಡಿಯಬೇಡ, ಕುಕಿ ಇಡಬೇಡ.
ಇಷ್ಟು ಅಚ್ಚುಕಟ್ಟಾಗಿ ಚಿಲಕ ಹಾಕಿದ ಮನೆಯನ್ನು
ಈ ಬೀದಿಯಲ್ಲಿ ನಾನು ಕಂಡಿಲ್ಲ.

ಕುಕಿ ಅಂದರೇನು ಅಂತ ಹೇಳಲಿ ಇವಳಿಗೆ?
ಬೇಕರಿಯ ಮಾತು ತೆಗೆದರೆ ನಗುತ್ತಾಳೆ.
ಗಿರಣಿಯ ಕಟ್ಟೆ ತೋರಿಸಿದೆ. ಸಾಲಾಗಿ ಡಬ್ಬಿಗಳು,
ಮೇಲೆ ಸೀಮೆಸುಣ್ಣದಲ್ಲಿ: ಟೈಲರ್ ಹಾಲೇಶಿ,
ಹಿಂದಿನ ಓಣಿ ಪುಟ್ಟವ್ವ, ಬರೀ ಒಂದು 'ಶ'.
"ಸುಣ್ಣ ಒರೆಸಿಬಿಟ್ಟರೆ ಯಾವ ಹಿಟ್ಟು ಯಾರದು?
ನೀನು ಡಬ್ಬಿ ಕೊಡ್ತಿ, ಬರೆಯೋಕೆ ಬಿಡಂಗಿಲ್ಲ ಅಂತಿ.
ಅವನು ತಿರುಗಿ ನೋಡೋ ಅಷ್ಟರಲ್ಲಿ ನೀನು ಹೊಸಬಳು."

ಡಬ್ಬಿಗಳನ್ನು ಬಹಳ ಹೊತ್ತು ನೋಡಿದಳು.
"ಬೀಸಿದ ಮೇಲೆ ಒರೆಸಿ ಕೊಡ್ತೀರೇನ್ರಿ?"

ಉತ್ತರ ಗೊತ್ತಿತ್ತು, ಬಾಯಿಗೆ ತಡವಾಗಿ ಬಂತು.
ನನ್ನ ಕಪಾಟಿನಲ್ಲಿ ಅರ್ಧ ಪೇಟೆಯ ಆಧಾರ್ ನಕಲುಗಳಿವೆ,
ಓರೆಯಾದವು, ಮಸಿ ಕುಡಿದವು.
ಹಿಂಬದಿಯಲ್ಲಿ ದಿನದ ಲೆಕ್ಕ ಬರೆಯುತ್ತೇನೆ.
ಒರೆಸು ಅಂತ ಯಾರೂ ಅಂದಿರಲಿಲ್ಲ.

ವಿಳಾಸದ ಪಕ್ಕ ಗೀಟು ಹೊಡೆದ ಒಂದು ಕಣ್ಣು.
ಒತ್ತಿದೆ. ಈ ಒಂದು ಪುಟಕ್ಕೆ, ಈ ಒಂದು ಹೊತ್ತಿಗೆ
ಅದು ರೆಪ್ಪೆ ಬಿಚ್ಚಿತು.
ಏಳನೆಯ ಸಲ ಹೆಸರು ಹೇಳಿದಳು.
ಚಕ್ರ ತಿರುಗಿತು. ಗಿರಣಿ ಮತ್ತೆ ಶುರುವಾಯಿತು.
ಬಂದೇಬಿಟ್ಟಳು ಪರದೆಯ ಮೇಲೆ,
ಎಣ್ಣೆ ಹಚ್ಚಿ ಬಾಚಿದ ತಲೆ, ಹಳೆಯ ಫೋಟೋ,
ಕರಿಬಸಮ್ಮ ಕೆ., ಸಮಯ ಬೆಳಿಗ್ಗೆ ಹತ್ತು.

"ಹೌದ್ರಿ, ನಾನೇ," ಅಂದಳು, ಯಾರೋ ಕೇಳಿದ ಹಾಗೆ.

ಪ್ರಿಂಟು ತೆಗೆದೆ. ಕಪ್ಪು ಪುಟ ಮುಚ್ಚಿದರೆ
ತಾನಾಗಿ ಎಲ್ಲ ಮರೆಯುತ್ತದೆ;
ಇಳಿಸಿಕೊಂಡ ಫೈಲು ಮಾತ್ರ ಫೋನಿನ ಹೊಟ್ಟೆಯಲ್ಲಿ
ಹಾಗೇ ಕೂತಿರುತ್ತದೆ, ಟೋಪಿಯವನು ಅದನ್ನು ಮುಟ್ಟುವುದಿಲ್ಲ.
ಹುಡುಕಿ ಅಳಿಸಿದೆ. ಕಸದ ಬುಟ್ಟಿಯಿಂದಲೂ ಅಳಿಸಿದೆ.
ಐದು ರೂಪಾಯಿ ಕೊಟ್ಟು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಮಂಡಕ್ಕಿ ಚೀಲದ ತಳಕ್ಕೆ ಇಳಿಸಿದಳು.

ಅವತ್ತು ರಾತ್ರಿ ಕಪಾಟಿನ ನಕಲುಗಳನ್ನೆಲ್ಲ
ಬಚ್ಚಲ ಒಲೆಗೆ ಹಾಕಿದೆ.
ಎರಡು ತಿಂಗಳ ಲೆಕ್ಕವೂ ಹೋಯಿತು.

ಮೊನ್ನೆ ಮಂಡಿಪೇಟೆಯಲ್ಲಿ ಎದುರಾದಳು,
ಜೊತೆಗೊಬ್ಬ ಹುಡುಗ, ಕೈಯಲ್ಲಿ ಅದೇ ಫೋನು.
ಅರೆಗಳಿಗೆ ನನ್ನ ಮುಖ ನೋಡಿದಳು.
ನಾನು ಬೆಲ್ಲದ ದರ ಕೇಳುತ್ತಾ ನಿಂತೆ.